ದೀಕ್ಷೆ, ಸಾಲು, ಬೀಸು: ತಾಳವಾಡಿ ಬೆಟ್ಟಸೀಮೆಯ ಕಂಸಾಳೆ

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ತಾಲ್ಲೂಕಿಗೆ ಸೇರಿದ ತಿಗನಾರೆಯೂ ಅದರ ಸುತ್ತಲಿನ ಹಳ್ಳಿಗಳೂ ಆಡಳಿತದ ಲೆಕ್ಕದಲ್ಲಿ ತಮಿಳು ಸೀಮೆಯವಾದರೂ, ಮನೆಮಾತು, ಹರಕೆ, ಹಬ್ಬ, ನಂಟಸ್ತಿಕೆಗಳ ಲೆಕ್ಕದಲ್ಲಿ ಚಾಮರಾಜನಗರ ಮತ್ತು ಕೊಳ್ಳೇಗಾಲಗಳ ಕನ್ನಡ ನಾಡಿನ ಮುಂದುವರಿಕೆಯೇ ಆಗಿವೆ. ಸತ್ಯಮಂಗಲದ ಬಯಲಿನಿಂದ ಬರುವವರು ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಹತ್ತಿ, ಹುಲಿ ಸಂರಕ್ಷಿತ ಕಾಡನ್ನು ದಾಟಿ ಈ ಎತ್ತರದ ಬಯಲನ್ನು ತಲುಪಬೇಕು. ಚಾಮರಾಜನಗರದಿಂದ ಬರುವವರಿಗಾದರೋ ಗಡಿ ದಾಟಿದ್ದು ಫಲಕಗಳ ಲಿಪಿ ಬದಲಾದಾಗ ಮಾತ್ರ ಅರಿವಿಗೆ ಬರುತ್ತದೆ. ವರನಟ ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ದೊಡ್ಡ ಗಾಜನೂರೂ ದೀಪಾವಳಿಯ ಬೆನ್ನಿಗೆ ಸಗಣಿ ಎರಚಾಡುವ ಗೋರೆ ಹಬ್ಬಕ್ಕೆ ಹೆಸರಾದ ಗುಮಟಾಪುರವೂ ಇದೇ ಸೀಮೆಯವು. ಈ ಸೀಮೆಯ ಬಹುಪಾಲು ಮನೆಗಳ ಹರಕೆ ಸಲ್ಲುವುದು ಮಲೆ ಮಹದೇಶ್ವರನಿಗೆ, ಅಂದರೆ ಜನರ ಬಾಯಲ್ಲಿ ಮಾದಪ್ಪನಿಗೆ. ಆ ಮಾದಪ್ಪನ ಕಥೆಯನ್ನು ಹಾಡುತ್ತ, ಅವನ ಹೆಸರಿನಲ್ಲಿ ಭಿಕ್ಷೆ ಬೇಡುತ್ತ, ಕಂಚಿನ ತಾಳವನ್ನು ಗಾಳಿಯಲ್ಲಿ ಬೀಸುತ್ತ ಬಾಳುವ ದೇವರಗುಡ್ಡರ ಪರಂಪರೆಯೇ ಕಂಸಾಳೆಯ ಪರಂಪರೆ.

ರಾಜ್ಯಗಳ ಗೆರೆ ಈ ಪರಂಪರೆಯನ್ನು ಸೀಳಿದ್ದು ತೀರ ಈಚಿನ ಸಂಗತಿ. ಮಾದಪ್ಪನ ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು ಮತ್ತು ತಾಳವಾಡಿಯ ಹಳ್ಳಿಗಳು ಎರಡೂ ಹಿಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. 1956ರ ಭಾಷಾವಾರು ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಹೀಗೆ ದೇವರು ಒಂದು ರಾಜ್ಯಕ್ಕೂ ಅವನ ಒಕ್ಕಲಿನ ಒಂದು ಪಾಲು ಇನ್ನೊಂದು ರಾಜ್ಯಕ್ಕೂ ಸೇರಿಹೋದವು. ಒಕ್ಕಲು ಎಂದರೆ ಇಲ್ಲಿ ತಲೆಮಾರುಗಳಿಂದ ಒಂದು ದೇವರಿಗೆ ನಡೆದುಕೊಳ್ಳುವ ಮನೆತನಗಳ ಸಮೂಹ. ಜಾತಿಯನ್ನು ಮೀರಿದ ಈ ಸಮೂಹದಲ್ಲಿ ಲಿಂಗಾಯತರು, ಹಾಲುಮತದ ಕುರುಬರು, ನಾಯಕರು, ಉಪ್ಪಾರರು, ಪರಿಶಿಷ್ಟ ಜಾತಿಯವರು, ಕಾಡಿನ ಸೋಲಿಗರು ಎಲ್ಲರೂ ಇದ್ದಾರೆ, ಮತ್ತು ದೇವರಗುಡ್ಡರು ಬರುವುದು ಹೆಚ್ಚಾಗಿ ಇವರಲ್ಲಿನ ದುಡಿಯುವ ಸಮುದಾಯಗಳಿಂದ.

ಗುಡ್ಡ ಎಂಬುದಕ್ಕೆ ಇಲ್ಲಿ ಶಿಷ್ಯ, ಭಕ್ತ ಎಂಬ ಅರ್ಥ. ಮಕ್ಕಳಾಗದ ದಂಪತಿಗಳು, ಕಾಯಿಲೆಯಿಂದ ಮಗುವನ್ನು ಉಳಿಸಿಕೊಂಡ ತಾಯಂದಿರು, ಹಿರಿಯರ ಕಾಲದ ಹರಕೆಗೆ ಕಟ್ಟುಬಿದ್ದ ಮನೆಯವರು ತಮ್ಮ ಗಂಡುಮಕ್ಕಳಲ್ಲಿ ಒಬ್ಬನನ್ನು ಮಾದಪ್ಪನಿಗೆ ಒಪ್ಪಿಸುತ್ತಾರೆ. ಇದನ್ನು ಗುಡ್ಡನ ಬಿಡುವುದು ಎನ್ನುತ್ತಾರೆ. ಸಾಮಾನ್ಯವಾಗಿ ಮದುವೆಗೆ ಮುಂಚೆಯೇ ಗುರುವಿನಿಂದ ದೀಕ್ಷೆಯಾಗುತ್ತದೆ, ಕೊರಳಿಗೆ ರುದ್ರಾಕ್ಷಿ, ಹಣೆಗೆ ವಿಭೂತಿ, ಹೆಗಲಿಗೆ ಜೋಳಿಗೆ, ಕೈಗೆ ಬೆತ್ತ ಮತ್ತು ಕಂಸಾಳೆ ಬರುತ್ತವೆ. ಅಲ್ಲಿಂದ ಮುಂದೆ ಆತ ಸಂಸಾರಿಯಾಗಿದ್ದುಕೊಂಡೇ, ಹೊಲ ಉಳುತ್ತಲೇ, ಸೋಮವಾರ ಮತ್ತು ಹಬ್ಬದ ದಿನಗಳಲ್ಲಿ ಮನೆಮನೆಗೆ ಹೋಗಿ ಕೋರಣ್ಯ ಬೇಡಬೇಕು. ಕೋರಣ್ಯವೆಂದರೆ ದೇವರ ಹೆಸರಿನ ಭಿಕ್ಷೆ, ಬಡತನದ ತಿರುಪೆಗೂ ಅದಕ್ಕೂ ಸಂಬಂಧವಿಲ್ಲ. ಉಳ್ಳವನಾದರೂ ಗುಡ್ಡನಾದ ಮೇಲೆ ಬೇಡಲೇಬೇಕು, ಬೇಡುವಾಗ ಬಾಗಿಲಲ್ಲಿ ತಾನು ಯಾರೂ ಅಲ್ಲದವನಂತೆ ನಿಲ್ಲಬೇಕು. ದೀಕ್ಷೆ ಪಡೆದವರೆಲ್ಲ ಕಥೆ ಹಾಡಬಲ್ಲವರಲ್ಲ, ಹಾಡಬಲ್ಲವರೆಲ್ಲ ಬೀಸಬಲ್ಲವರೂ ಅಲ್ಲ. ಆದರೆ ಬೀಸುವ ವಿದ್ಯೆಯೂ ಹಾಡುವ ವಿದ್ಯೆಯೂ ಪರಂಪರೆಯಲ್ಲಿ ಹುಟ್ಟಿದ್ದು ದೀಕ್ಷೆಯ ಒಳಗಿನಿಂದಲೇ, ಮತ್ತು ಈ ಕಲೆಯನ್ನು ಅರಿಯಬಯಸುವವರು ಮೊದಲು ಗಮನಿಸಬೇಕಾದದ್ದು ಈ ಅನುಕ್ರಮವನ್ನು.

ಲೋಕದ ಬೇರೆಡೆ ಈ ಅನುಕ್ರಮ ತಿರುಗುಮುರುಗಾಗಿರುವುದುಂಟು. ಅಮೆರಿಕದ ಕವಿ ಫಿಲಿಪ್ ವೇಲನ್ 1950ರ ದಶಕದಲ್ಲಿ ಕವಿಯಾಗಿ ಹೆಸರು ಮಾಡಿ, 1973ರಲ್ಲಿ ಝೆನ್ ಭಿಕ್ಷುವಿನ ದೀಕ್ಷೆ ಪಡೆದು, ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಝೆನ್ ಕೇಂದ್ರದ ಮುಖ್ಯಸ್ಥನಾದ. ಝೆನ್ ಎಂದರೆ ಧ್ಯಾನವನ್ನೇ ಮುಖ್ಯ ಸಾಧನೆಯಾಗಿ ಉಳ್ಳ, ಗುರುವಿನಿಂದ ಶಿಷ್ಯನಿಗೆ ನೇರವಾಗಿ ಸಾಗುವ ಬೌದ್ಧ ಪಂಥ. ಅದನ್ನು ಚೀನಕ್ಕೆ ಒಯ್ದವನು ದಕ್ಷಿಣ ಭಾರತದ, ಪ್ರಾಯಶಃ ಕಂಚಿಯ, ಬೋಧಿಧರ್ಮನೆಂದು ಐತಿಹ್ಯ ಹೇಳುತ್ತದೆ. ಶಾವೊಲಿನ್ ವಿಹಾರದ ಕಾಳಗ ವಿದ್ಯೆಗೂ ಅವನೇ ಮೂಲಪುರುಷನೆಂಬ ಜನಪ್ರಿಯ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ, ಅದು ಸಾವಿರ ವರ್ಷಗಳಷ್ಟು ತಡವಾಗಿ ಅಂಟಿಕೊಂಡದ್ದು. ಆದರೂ ಕಾವ್ಯ, ಧ್ಯಾನ, ಕತ್ತಿ ಮೂರೂ ಒಂದೇ ಮನೆಯಲ್ಲಿ ಬಾಳಿದ್ದಕ್ಕೆ ಜಪಾನಿನಲ್ಲಿ ನಿಜವಾದ ಸಾಕ್ಷ್ಯಗಳಿವೆ. ಕವಿಯೂ ಝೆನ್ ಗುರುವೂ ಆಗಿದ್ದ ತಕುಆನ್ (1573–1645) ಕತ್ತಿವರಸೆಯ ಆಚಾರ್ಯ ಯಾಗ್ಯೂ ಮುನೆನೋರಿಗೆ ಬರೆದು ತಿಳಿಸಿದ ತತ್ತ್ವವೊಂದು ಪ್ರಸಿದ್ಧವಾಗಿದೆ: ಎದುರಾಳಿಯ ಕತ್ತಿಯ ಮೇಲಾಗಲಿ, ತನ್ನ ಕತ್ತಿಯ ಮೇಲಾಗಲಿ ಮನಸ್ಸು ಒಂದು ಕ್ಷಣ ತಂಗಿದರೂ ಕೈ ಕಟ್ಟಿಹೋಗುತ್ತದೆ. ತಾಳವಾಡಿಯ ಬೆಟ್ಟಗಳಿಗೆ ಝೆನ್ ಬಂದದ್ದಿಲ್ಲ, ಬಂದಿತ್ತೆಂದು ಎಳೆದು ತೋರಿಸುವ ಅಗತ್ಯವೂ ಇಲ್ಲ. ಬೀಸು ಕಂಸಾಳೆಯನ್ನು ಹತ್ತಿರದಿಂದ ನೋಡುವವರಿಗೆ ಮಾತ್ರ ತಕುಆನನ ಮಾತು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಕಂಸಾಳೆ ಒಂದು ಜೋಡಿ ವಾದ್ಯ, ಎರಡೂ ಕಂಚಿನವು. ಎಡಗೈಯಲ್ಲಿ ಹಿಡಿಯುವುದು ಅಂಗೈಯಲ್ಲಿ ಕೂರುವಂಥ ಬಟ್ಟಲು; ಬಲಗೈಯದು ನಡುವೆ ಉಬ್ಬು ಮತ್ತು ತೂತು ಇರುವ ಚಪ್ಪಟೆಯಾದ ತಾಳ. ತೂತಿನ ಮೂಲಕ ಹಾಯ್ದ ಹುರಿಯನ್ನು ಬೆರಳುಗಳಿಗೆ ಸಿಕ್ಕಿಸಿಕೊಳ್ಳುತ್ತಾರೆ, ಹುರಿಗೆ ಬಣ್ಣದ ಗೊಂಡೆಗಳು ಜೋತಿರುತ್ತವೆ. ಕುಳಿತು ಕಥೆ ಹಾಡುವಾಗ ಈ ತಾಳ ಬಟ್ಟಲಿನ ಅಂಚನ್ನು ಮೆಲ್ಲಗೆ ಮುಟ್ಟಿ ಲಯವನ್ನಷ್ಟೇ ಹೇಳುತ್ತದೆ. ಎದ್ದು ನಿಂತು ಬೀಸತೊಡಗಿದಾಗ ಅದೇ ತಾಳ ಹುರಿಯ ತುದಿಯಲ್ಲಿ ಬಿಡುಗಡೆಗೊಂಡು ತಲೆಯ ಮೇಲಿಂದ ಸುತ್ತುತ್ತದೆ, ಬೆನ್ನ ಹಿಂದಿನಿಂದ ಹೊರಳಿ ಬರುತ್ತದೆ, ಮಂಡಿಯ ಕೆಳಗಿನಿಂದ ಹಾಯುತ್ತದೆ, ಪ್ರತಿ ಸುತ್ತಿನ ಕೊನೆಗೂ ಬಟ್ಟಲಿಗೆ ಬಡಿದು ನಾದ ಕೊಡುತ್ತದೆ. ಬಡಿತ ಲಯದ ಪೆಟ್ಟಿಗೆ ಸರಿಯಾಗಿ ಬೀಳಬೇಕು. ತುಸು ಮೊದಲಾದರೆ ಮೇಳ ಕೆಡುತ್ತದೆ, ತುಸು ಅಡ್ಡವಾದರೆ ಮಣಿಕಟ್ಟಿಗೋ ಹಣೆಗೋ ಕಂಚು ತಾಗುತ್ತದೆ. ಕಲಾವಿದರು ವೃತ್ತವಾಗಿ ನಿಂತು, ಕುಳಿತು, ಮಲಗಿ, ಒಬ್ಬರ ಭುಜವನ್ನು ಇನ್ನೊಬ್ಬರು ಏರಿ ಬೀಸುತ್ತಾರೆ, ತಮ್ಮ ತಾಳದಿಂದ ಪಕ್ಕದವನ ಬಟ್ಟಲನ್ನು ಬಡಿಯುತ್ತಾರೆ. ಹಾಗೆ ಬಡಿಯುವಾಗ ಕಣ್ಣು ತಾಳವನ್ನು ಹಿಂಬಾಲಿಸಿದರೆ ಕೈ ತಪ್ಪುತ್ತದೆ, ಏಕೆಂದರೆ ಹತ್ತು ಕಡೆಯಿಂದ ಹತ್ತು ತಾಳಗಳು ಬರುತ್ತಿರುವಲ್ಲಿ ಒಂದನ್ನೇ ನೋಡುವವನು ಉಳಿದ ಒಂಬತ್ತಕ್ಕೆ ಕುರುಡ.

ಬೀಸು ಕಂಸಾಳೆಯನ್ನು ಸಮರ ಕಲೆ ಎಂದು ಕರೆಯುವುದು ಈಗ ರೂಢಿಯಾಗಿದೆ. ಈ ಮಾತನ್ನು ಅಳೆದು ಬಳಸುವುದು ಒಳ್ಳೆಯದು. ಕೇರಳದ ಕಳರಿಯಂತೆ ಇದಕ್ಕೆ ಅಖಾಡವಿಲ್ಲ, ಆಯುಧಗಳ ಶ್ರೇಣಿಯಿಲ್ಲ, ಸೋಲಿಸಬೇಕಾದ ಎದುರಾಳಿಯೂ ಇಲ್ಲ. ಇರುವುದು ವರಸೆಯ ದೇಹ: ಹೆಜ್ಜೆ ಊರುವ ಬಗೆ, ಮೈ ತಿರುಗಿಸಿ ಪೆಟ್ಟು ತಪ್ಪಿಸುವ ಚಳಕ, ಹೊಡೆತಕ್ಕೆ ಬಟ್ಟಲನ್ನು ಗುರಾಣಿಯಾಗಿ ಒಡ್ಡುವ ರೀತಿ. ಕಾಡುದಾರಿಯಲ್ಲಿ ಜೋಳಿಗೆ ಹೊತ್ತು ತಿರುಗುತ್ತಿದ್ದವರ ಆತ್ಮರಕ್ಷಣೆಗೆ ಇದು ಒದಗಿರಬಹುದೆಂಬ ಊಹೆ ಚೆಲುವಾಗಿದೆ, ಆದರೆ ಊಹೆಯೇ. ಹೆಚ್ಚು ನಿಶ್ಚಿತವಾಗಿ ಹೇಳಬಹುದಾದ ಮಾತೆಂದರೆ, ವೀರತನವನ್ನು ಗುಡ್ಡರು ದೇವರ ಕಥೆಯಿಂದಲೇ ಪಡೆದಿದ್ದಾರೆ.

ಆ ಕಥೆಯ ನಾಯಕನಾದ ಮಾದಪ್ಪ ಉತ್ತರ ದೇಶದಲ್ಲಿ ಉತ್ತರಾಜಮ್ಮನ ಮಗನಾಗಿ ಹುಟ್ಟಿ, ಕಪಿಲಾ ತೀರದ ಸುತ್ತೂರು ಮಠದಲ್ಲಿ ರಾಗಿ ಬೀಸುವ ಚಾಕರಿ ಮಾಡಿ, ಕುಂತೂರು ಮಠವನ್ನು ಹಾಯ್ದು, ಎಪ್ಪತ್ತೇಳು ಮಲೆಗೆ ಬಂದು ಹುಲಿಯನ್ನು ವಾಹನ ಮಾಡಿಕೊಂಡವನು. ವಿದ್ವಾಂಸರು ಸಾಮಾನ್ಯವಾಗಿ 14–15ನೆಯ ಶತಮಾನಕ್ಕೆ ಸೇರಿಸುವ ಈ ವೀರಶೈವ ಸಂತ, ಕಾವ್ಯದಲ್ಲಿ ದೇವತೆಗಳನ್ನು ಸೆರೆಯಲ್ಲಿಟ್ಟ ಬಂಕಾಪುರದ ದೊರೆ ಶ್ರವಣನನ್ನು ಕೊಲ್ಲುವುದು ದಂಡು ಕಟ್ಟಿ ಹೋಗಿ ಅಲ್ಲ; ಹರಳಯ್ಯನ ಕೈಯಲ್ಲಿ ಮಾಡಿಸಿದ ಪಾದರಕ್ಷೆ ಉರಿಯಾಗಿ ದೊರೆಯನ್ನು ಸುಡುತ್ತದೆ. ಗೆಲ್ಲುವವನು ಜಂಗಮ, ಗೆಲುವಿನ ಉಪಾಯ ಒದಗುವುದು ಮೋಚಿಯ ಕೈಯಿಂದ. ಇಂಥ ಒಂದೊಂದು ಪ್ರಸಂಗಕ್ಕೂ ಸಾಲು ಎಂದು ಹೆಸರು: ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು. ಇವುಗಳಲ್ಲಿ ಸಂಕಮ್ಮನ ಸಾಲು ಕನ್ನಡ ಮೌಖಿಕ ಕಾವ್ಯದ ಅತ್ಯುತ್ತಮ ಭಾಗಗಳಲ್ಲೊಂದು. ಜೇನು ಬೇಟೆಗೆ ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ತಾನು ಮರಳುವತನಕ ಶೀಲ ಕಾಯುವೆನೆಂದು ಹೆಂಡತಿ ಆಣೆಯಿಡಬೇಕೆಂದು ಹಟ ಹಿಡಿಯುತ್ತಾನೆ, ಸಂಕಮ್ಮ ಒಪ್ಪುವುದಿಲ್ಲ. ಆತ ಕೊಡುವ ಹಿಂಸೆಯನ್ನು ಉಣ್ಣುತ್ತಾಳೆಯೇ ಹೊರತು ಆಣೆಯಿಡುವುದಿಲ್ಲ. ಮಾದಪ್ಪ ಅವಳ ಪರವಾಗಿ ಬರುತ್ತಾನೆ, ಕಾರಯ್ಯ ಬಿಲ್ಲಯ್ಯರೆಂಬ ಅವಳಿ ಮಕ್ಕಳ ವರ ಕೊಡುತ್ತಾನೆ. ಗಂಡಸರೇ ದೀಕ್ಷೆ ಪಡೆದು ಗಂಡಸರೇ ಹಾಡುತ್ತ ಬಂದ ಪರಂಪರೆಯೊಂದು ಹೆಂಗಸಿನ ಈ ನಿರಾಕರಣೆಯನ್ನು ಇಷ್ಟು ಕಾಲ ಇಷ್ಟು ಪ್ರೀತಿಯಿಂದ ಕಾಪಾಡಿಕೊಂಡು ಬಂದಿರುವುದು ಸಣ್ಣ ಮಾತಲ್ಲ.

ಕಥೆ ಹಾಡುವ ಮೇಳ ಚಿಕ್ಕದು. ಮುಮ್ಮೇಳದವನು ಕಂಸಾಳೆ ಹಿಡಿದು ಕಥೆ ನಡೆಸಿದರೆ, ಹಿಮ್ಮೇಳದವರು ದಮ್ಮಡಿ ಮತ್ತು ಏಕತಾರಿ ಹಿಡಿದು ಸೊಲ್ಲು ಕೊಡುತ್ತಾರೆ. ದಮ್ಮಡಿ ಚರ್ಮ ಬಿಗಿದ ಚಿಕ್ಕ ಬಳೆವಾದ್ಯ, ಸೊಲ್ಲು ಹಾಡಿನ ಪುನರಾವರ್ತನೆಯ ಭಾಗ. ಪದ್ಯದ ನಡುವೆ ಮಾತಿನ ಗದ್ಯ ಬರುತ್ತದೆ, ಗದ್ಯ ಬಿಸಿಯೇರಿದಂತೆ ಮತ್ತೆ ಪದ್ಯವಾಗುತ್ತದೆ. ರಾತ್ರಿ ಊಟವಾದ ಮೇಲೆ ಕುಳಿತವರು ಬೆಳಗಿನ ಜಾವದವರೆಗೆ ಹಾಡಿದರೂ ಒಂದೆರಡು ಸಾಲು ಮುಗಿದರೆ ಹೆಚ್ಚು. ಇಷ್ಟನ್ನು ಅವರು ಬಾಯಿಪಾಠ ಮಾಡಿರುತ್ತಾರೆಂದು ಭಾವಿಸುವುದು ತಪ್ಪು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರಲ್ಲಿ ಕಂಡುಕೊಂಡದ್ದು ಇಲ್ಲಿಗೂ ಸಲ್ಲುತ್ತದೆ: ಸಿದ್ಧ ನುಡಿಗಟ್ಟು, ಸಿದ್ಧ ಸನ್ನಿವೇಶಗಳ ಸಾಮಗ್ರಿ ಹಿಡಿದು ಹಾಡುಗಾರ ಪ್ರತಿ ಸಲವೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾನೆ. ಆದ್ದರಿಂದ ಗುಡ್ಡನನ್ನು ಬರಿಯ ಗಾಯಕನೆನ್ನದೆ ಕವಿಯೆಂದೇ ಕರೆಯಬೇಕಾಗುತ್ತದೆ.

ಈ ಕಾವ್ಯ ಪುಸ್ತಕವಾದದ್ದು ತಡವಾಗಿ. ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ದಾರಿ ತೋರಿದ ಮೇಲೆ, ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಇನ್ನೊಂದು ಪಾಠವನ್ನು ಕೇಶವನ್ ಪ್ರಸಾದ್ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿತು, ಅದರ ಇಂಗ್ಲಿಷ್ ಅನುವಾದವೂ ಬಂದಿದೆ. ವೇದಿಕೆಯ ಮೇಲೆ ಬೀಸು ಕಂಸಾಳೆಗೆ ಸಿಕ್ಕ ಮನ್ನಣೆಯಲ್ಲಿ ಮೈಸೂರಿನ ಕಂಸಾಳೆ ಮಹದೇವಯ್ಯನವರ ಪಾಲು ದೊಡ್ಡದು. ‘ಜನುಮದ ಜೋಡಿ’ (1996), ‘ಜೋಗಿ’ (2005) ಚಿತ್ರಗಳ ನಂತರವಂತೂ ಕಂಸಾಳೆಯನ್ನು ಕಾಣದ ಊರಿಲ್ಲ ಎಂಬಂತಾಯಿತು. ಎರಡರಲ್ಲೂ ನಾಯಕನಾಗಿ ನಟಿಸಿದ ಶಿವರಾಜ್‌ಕುಮಾರ್ ಗಾಜನೂರಿನ ಮನೆತನದವರೆಂಬುದು ತಾಳವಾಡಿ ಸೀಮೆಯವರು ಬಿಟ್ಟುಕೊಡದ ಹೆಮ್ಮೆ.

ಈ ಜನಪ್ರಿಯತೆಯಿಂದ ಬೀಸು ಬದುಕಿತು, ಸಾಲು ಸೊರಗಿತು. ಶಾಲಾ ಕಾಲೇಜುಗಳ ಮಕ್ಕಳು, ಹುಡುಗಿಯರೂ ಸೇರಿದಂತೆ, ಇಂದು ಕೆಲವು ತಿಂಗಳ ಅಭ್ಯಾಸದಿಂದ ಬೀಸುವುದನ್ನು ಕಲಿಯುತ್ತಾರೆ, ದಸರೆಯ ಮೆರವಣಿಗೆಯಲ್ಲಿ ಚೆನ್ನಾಗಿಯೇ ಬೀಸುತ್ತಾರೆ. ಗುಡ್ಡನ ದೀಕ್ಷೆಯಿಂದ ಹೊರಗಿಡಲಾಗಿದ್ದ ಹೆಣ್ಣುಮಕ್ಕಳ ಕೈಗೆ ತಾಳ ಬಂದದ್ದು ಲಾಭವೆಂದೇ ಎಣಿಸಬೇಕು. ಇಡೀ ರಾತ್ರಿ ಸಂಕಮ್ಮನ ಸಾಲು ನಡೆಸಬಲ್ಲ ಮುಮ್ಮೇಳದವನು ಮಾತ್ರ ತಿಂಗಳುಗಳಲ್ಲಿ ತಯಾರಾಗುವವನಲ್ಲ. ಹತ್ತು ನಿಮಿಷದ ವೇದಿಕೆಗೆ ಅವನಿಂದ ಪ್ರಯೋಜನವಿಲ್ಲ, ಸರ್ಕಾರಿ ಉತ್ಸವಗಳ ಪಟ್ಟಿಯಲ್ಲಿ ಅವನಿಗೆ ಸ್ಥಳ ಹುಡುಕುವುದೂ ಕಷ್ಟ. ತಮಿಳುನಾಡಿನ ಪಾಲಿಗೆ ಈ ಹಾಡು ಪರಭಾಷೆಯದು, ಕರ್ನಾಟಕದ ಪಾಲಿಗೆ ಈ ಸೀಮೆಯೇ ಹೊರನಾಡು. ಹೀಗಾಗಿ ತಾಳವಾಡಿಯ ಕಥೆಗಾರನಿಗೆ ಉಳಿದಿರುವ ಆಶ್ರಯ ಹರಕೆ ಹೊತ್ತ ಮನೆಗಳು ಮಾತ್ರ.

ಬೀಸನ್ನೂ ಸಾಲನ್ನೂ ಅವುಗಳ ನೆಲೆಯಲ್ಲೇ ಕಾಣಬಯಸುವವರು ಹನೂರು ತಾಲ್ಲೂಕಿನ ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಯಲ್ಲಿ ಹೋಗಬೇಕು. ಅರ್ಚಕರಾದ ಬೇಡಗಂಪಣ ಕುಲದ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತರುವ ಹಾಲರವಿ ಉತ್ಸವ ನಡೆಯುವುದು ದೀಪಾವಳಿಯಲ್ಲಿ. ಉಘೇ ಮಾದಪ್ಪ ಎಂಬ ಕೂಗಿನ ನಡುವೆ ಅಲ್ಲಿ ಸೇರುವ ಗುಡ್ಡರಲ್ಲಿ ಈರೋಡು, ಸೇಲಂ ಕಡೆಯವರೂ ಇರುತ್ತಾರೆ. ತಾಳವಾಡಿ, ತಿಗನಾರೆಗಳ ಕಡೆ ಬರುವವರಿಗೆ ಸೋಮವಾರ ತಕ್ಕ ದಿನ. ಆದರೆ ದಿಂಬಂ ದಾರಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಇರುಳ ಹಾಡುಗಾರಿಕೆ ಕೇಳುವ ಆಸೆಯುಳ್ಳವರು ಹಗಲಿರುವಾಗಲೇ ಘಾಟಿ ಹತ್ತಬೇಕು, ಇಲ್ಲವೇ ಚಾಮರಾಜನಗರದ ಕಡೆಯಿಂದ ಬರಬೇಕು.