ತಿರುವಿಗೊಂದು ದೀಪ

ಪ್ರಶ್ನೆ: ಕಾಡುದಾರಿಯ ತಿರುವಿನಲ್ಲಿ ಜೀಪಿನ ಹೆಡ್‌ಲೈಟ್ ಸಾಲದು. ಪಕ್ಕಕ್ಕೆ ದೀಪ ಹಾಕಿಸಬಹುದೇ? ಹಳ್ಳ ದಾಟುವಾಗ ಕೆಡದೇ?

ಉತ್ತರ: ಧಾರಾಳವಾಗಿ ಹಾಕಿಸಿ. ಹೆಡ್‌ಲೈಟಿನ ಬೆಳಕು ಗಾಡಿಯ ಮೂತಿ ಇದ್ದತ್ತ ಬೀಳುತ್ತದೆ. ನೀವು ಹೊರಳುವ ಕಡೆ ಕತ್ತಲೆಯೇ. ಬಂಪರಿನ ಎರಡೂ ತುದಿಗೆ, ಹೊರಕ್ಕೆ ಓರೆಯಾಗಿ, ಬೆಳಕು ಅಗಲಕ್ಕೆ ಹರಡುವ ದೀಪ ಕೂರಿಸಿ. 55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬು ಸುಮಾರು 9 ಆಂಪಿಯರ್ ಎಳೆಯುತ್ತವೆ. ಹಾಗಾಗಿ ರಿಲೇ ಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸೂ ಬೇಕು. ಇದರಲ್ಲಿ ಜಿಪುಣತನ ಸಲ್ಲದು.

ನೀರಿನದು ಬೇರೆಯೇ ಕಥೆ. ಕಾದ ದೀಪ ತಣ್ಣನೆ ಹಳ್ಳಕ್ಕೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ರಬ್ಬರಿನ ಸಂದಿನಿಂದ ನೀರು ಹೀರುತ್ತದೆ. ಐಪಿ67 ಗುರುತಿನ ದೀಪ 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುವಂಥದ್ದು. ಅದಕ್ಕಿಂತ ಕಡಿಮೆಯದು ಬೇಡ. ಆದರೂ ನೀರಿಗಿಳಿಯುವ ಮುನ್ನ ಆರಿಸಿ, ತಣಿಯಲು ಬಿಡಿ. ಕಲ್ಲೇಟಿಗೆ ಜಾಲರಿ ಸಾಕು. ಡಾಂಬರು ರಸ್ತೆ ಸೇರಿದೊಡನೆ ಇವನ್ನು ಆರಿಸಿಬಿಡಿ, ಎದುರಿನವರ ಕಣ್ಣು ಕುಕ್ಕುತ್ತವೆ.