ಆನೆ ನಡೆದದ್ದೇ ದಾರಿಯೇ?

ಧಾರವಾಡದಿಂದ ಮುಂಬೈಗೆ ಬಂದು ಕೆಲಸಕ್ಕೆ ಸೇರುವಾಗ ನಮ್ಮನ್ನು ಯಾರೂ ಪರವಾನಗಿ ಕೇಳುವುದಿಲ್ಲ. ಭಾಷೆ ಬೇರೆಯಾದರೂ ದೇಶ ಒಂದೇ. ಕಿರ್ಗಿಸ್ತಾನದಿಂದ ಮಾಸ್ಕೋಗೆ ದುಡಿಯಲು ಹೋಗುವವರಿಗೆ ದೇಶವೇ ಬೇರೆ. ಆದರೂ ಅವರಿಗೆ ಕೆಲಸದ ಪರವಾನಗಿ ಬೇಕಿಲ್ಲ. ಪಕ್ಕದ ತಜಿಕಿಸ್ತಾನದವರು ಮಾತ್ರ ‘ಪೇಟೆಂಟ್’ ಎಂಬ ಪರವಾನಗಿಗೆ ಪ್ರತಿ ತಿಂಗಳು ಹಣ ಕಟ್ಟಬೇಕು, ರಷ್ಯನ್ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕಾರಣ ಇಷ್ಟೇ: ಕಿರ್ಗಿಸ್ತಾನ ಯುರೇಷ್ಯನ್ ಆರ್ಥಿಕ ಒಕ್ಕೂಟದ ಸದಸ್ಯ, ತಜಿಕಿಸ್ತಾನ ಅಲ್ಲ.

ನವಿ ಮುಂಬೈನಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವ ನನಗೆ ಈ ಒಕ್ಕೂಟ ಪರಿಚಯವಾದದ್ದು ಯಂತ್ರಗಳ ಮೇಲಿನ ‘ಇಎಸಿ’ ಗುರುತಿನಿಂದ. ರಷ್ಯಾ, ಬೆಲಾರುಸ್, ಕಜಾಕಿಸ್ತಾನ, ಅರ್ಮೇನಿಯಾ, ಕಿರ್ಗಿಸ್ತಾನ ಈ ಐದೂ ದೇಶಗಳಿಗೆ ಅದೊಂದೇ ಗುರುತು ಸಾಕು. ಹೊರಗಿನ ಸರಕಿಗೆ ಬಹುಮಟ್ಟಿಗೆ ಒಂದೇ ಸುಂಕ.

ಇದನ್ನು ಪುಟಿನ್ ಅವರ ಯೋಜನೆ ಎಂದೇ ನಾವು ಓದುತ್ತೇವೆ. ಆದರೆ ಇಂಥ ಒಕ್ಕೂಟದ ಮಾತನ್ನು 1994ರಲ್ಲೇ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಆಡಿದವರು ಕಜಾಕಿಸ್ತಾನದ ಅಂದಿನ ಅಧ್ಯಕ್ಷ ನಜರ್‌ಬಾಯೆವ್. 2014ರ ಮೇ 29ರಂದು ಅಸ್ತಾನಾದಲ್ಲಿ ಒಪ್ಪಂದಕ್ಕೆ ಸಹಿಯಾಗಿ, 2015ರ ಜನವರಿ 1ರಂದು ಅದು ಜಾರಿಗೆ ಬಂತು. ರಷ್ಯಾ ಕ್ರಿಮಿಯಾವನ್ನು ಸೇರಿಸಿಕೊಂಡು ಆಗ ಎರಡು ತಿಂಗಳಷ್ಟೇ ಆಗಿತ್ತು. ಇದು ಆರ್ಥಿಕ ಒಕ್ಕೂಟವಾಗಿರಲಿ, ರಾಜಕೀಯ ಒಕ್ಕೂಟ ಬೇಡ ಎಂದು ಕಜಾಕಿಸ್ತಾನ ಹಟ ಹಿಡಿಯಿತು. ಅಧ್ಯಕ್ಷರ ಮಟ್ಟದ ಮಂಡಳಿಯಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಕಾಗದದ ಮೇಲೆ ಐವರೂ ಸಮಾನರು. ಆದರೆ ಒಕ್ಕೂಟದ ಒಟ್ಟು ಆರ್ಥಿಕತೆಯಲ್ಲಿ ಶೇ 80ಕ್ಕೂ ಹೆಚ್ಚು ರಷ್ಯಾದ್ದೇ.

ಹೀಗಿದ್ದ ಮೇಲೆ ಆನೆ ನಡೆದದ್ದೇ ದಾರಿಯಾಗಬೇಕಿತ್ತು. ಪೂರ್ತಿ ಹಾಗಾಗಿಲ್ಲ. ಕಜಾಕಿಸ್ತಾನದ ಕಚ್ಚಾತೈಲದ ಬಹುಪಾಲು ರಷ್ಯಾದ ನೊವೊರೊಸಿಸ್ಕ್ ಬಂದರಿನ ಮೂಲಕವೇ ಹೊರಹೋಗುತ್ತದೆ. ಆದರೂ 2022ರ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೇದಿಕೆಯಲ್ಲಿ, ಪುಟಿನ್ ಪಕ್ಕದಲ್ಲಿರುವಾಗಲೇ, ಡೊನೆಟ್ಸ್ಕ್ ಮತ್ತು ಲುಹಾನ್ಸ್ಕ್‌ಗೆ ಮಾನ್ಯತೆ ಕೊಡುವುದಿಲ್ಲ ಎಂದರು ಅಧ್ಯಕ್ಷ ತೊಕಾಯೆವ್.

ಅರ್ಮೇನಿಯಾದ್ದು ಇನ್ನೂ ಕಹಿ ಅನುಭವ. ಐರೋಪ್ಯ ಒಕ್ಕೂಟದ ಜೊತೆಗಿನ ಒಪ್ಪಂದದ ಹೊಸ್ತಿಲಲ್ಲಿದ್ದ ಅದು 2013ರಲ್ಲಿ ರಷ್ಯಾದ ಕಡೆ ಹೊರಳಿತು. ಭದ್ರತೆ ಸಿಗುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. 2023ರಲ್ಲಿ ಅಜರ್‌ಬೈಜಾನ್ ನಗೊರ್ನೊ-ಕರಾಬಾಖ್ ಅನ್ನು ವಶಪಡಿಸಿಕೊಂಡಿತು. ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆಮಠ ಬಿಟ್ಟು ಹೊರಟಾಗ ರಷ್ಯಾದ ಶಾಂತಿಪಾಲನಾ ಪಡೆ ಅಲ್ಲಿಯೇ ಇತ್ತು. 2024ರಲ್ಲಿ ಅರ್ಮೇನಿಯಾ ರಷ್ಯಾ ನೇತೃತ್ವದ ಸೇನಾ ಕೂಟದಿಂದ ದೂರ ಸರಿಯಿತು. 2025ರಲ್ಲಿ ಐರೋಪ್ಯ ಒಕ್ಕೂಟ ಸೇರುವ ಪ್ರಕ್ರಿಯೆಗೆ ಕಾನೂನನ್ನೂ ಮಾಡಿತು. ಆದರೂ ಆಗ ಯುರೇಷ್ಯನ್ ಒಕ್ಕೂಟದಿಂದ ಅದು ಹೊರಬೀಳಲಿಲ್ಲ. ಕೊಳ್ಳುವ ಮಾರುಕಟ್ಟೆ, ದುಡಿಯುವ ಜಾಗ ಎರಡೂ ಅಲ್ಲಿವೆಯಲ್ಲ!

ನೆರೆಯವರನ್ನು ರಷ್ಯಾ ಜೊತೆಗೆ ಹಿಡಿದಿಟ್ಟಿರುವುದು ಸೈನ್ಯಕ್ಕಿಂತ ಹೆಚ್ಚಾಗಿ ಸಂಬಳ ಮತ್ತು ಸರಕು ಎಂದೇ ನನಗೆ ಅನ್ನಿಸುತ್ತದೆ. ಆ ಗಂಟೂ ಈಗ ಸಡಿಲವಾಗುತ್ತಿದೆ. 2024ರ ಮಾರ್ಚ್‌ನಲ್ಲಿ ಮಾಸ್ಕೋ ಬಳಿಯ ಕ್ರೋಕಸ್ ಸಭಾಂಗಣದ ಮೇಲೆ ಭಯೋತ್ಪಾದಕರ ದಾಳಿ ನಡೆದ ಮೇಲೆ ಮಧ್ಯ ಏಷ್ಯಾದ ವಲಸಿಗರ ಮೇಲೆ ರಷ್ಯಾದ ಕಣ್ಣು ಬಿಗಿಯಾಯಿತು. ತನ್ನ ಕಾರ್ಮಿಕರ ಕುಟುಂಬಕ್ಕೆ ಆರೋಗ್ಯ ವಿಮೆ ಸಿಗುತ್ತಿಲ್ಲ ಎಂದು 2025ರಲ್ಲಿ ಪುಟ್ಟ ಕಿರ್ಗಿಸ್ತಾನ ಮಿನ್ಸ್ಕ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯದಲ್ಲಿ ರಷ್ಯಾ ವಿರುದ್ಧವೇ ದಾವೆ ಹೂಡಿತು.

ಭಾರತಕ್ಕೂ ಇಲ್ಲಿ ಕೆಲಸವಿದೆ. ಈ ಒಕ್ಕೂಟದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಗೆ 2025ರ ಆಗಸ್ಟ್ 20ರಂದು ಮಾಸ್ಕೋದಲ್ಲಿ ಚೌಕಟ್ಟು ಸಹಿಯಾಗಿದೆ. ಸುಂಕ ಇಳಿದರೆ ನನ್ನಂಥವರ ಮೇಜಿನ ಮೇಲೆ ಕಡತಗಳು ಹೆಚ್ಚುತ್ತವೆ, ಸಂತೋಷವೇ. ಆದರೆ ಒಕ್ಕೂಟ ಎಷ್ಟು ಗಟ್ಟಿ ಎಂದು ಅಳೆಯಲು ನಾನು ಸುಂಕದ ಪಟ್ಟಿಯೊಂದನ್ನೇ ನೋಡುವುದಿಲ್ಲ. ಪರವೂರಿನಲ್ಲಿ ದುಡಿಯುವವನ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆಯೇ ಎಂಬುದನ್ನೂ ನೋಡುತ್ತೇನೆ. ಹೊರನಾಡಿನಲ್ಲಿರುವ ನಮಗೆ ಆ ಪ್ರಶ್ನೆಯ ತೂಕ ಯಾರೂ ಹೇಳಿಕೊಡಬೇಕಿಲ್ಲ.