ಬಾಗಿಲಿಲ್ಲದ ಅಂಗಡಿಗೆ 1500 ಕೋಟಿ!

ಒಂದು ಅಂಗಡಿ ಹಾಕೋಕೆ ಎಷ್ಟು ಬೇಕು? ಪೇಟೆ ಬೀದಿಯಲ್ಲಿ ಯಾರನ್ನು ಕೇಳಿದರೂ ಅಡ್ವಾನ್ಸು, ರ್ಯಾಕು, ಶಟರು, ಲೈಸೆನ್ಸು, ಪೂಜೆ ಖರ್ಚು ಎಲ್ಲಾ ಸೇರಿಸಿ ಬೆರಳು ಮಡಚಿ ಹೇಳಿಬಿಡ್ತಾರೆ. ಇಂಗ್ಲೆಂಡಿನ ವ್ಯಾಪಾರಿಯೊಬ್ಬರು ಗೋಡೆ, ಬಾಗಿಲು ಯಾವುದೂ ಇಲ್ಲದ ಆನ್‌ಲೈನ್ ಅಂಗಡಿಯೊಂದಕ್ಕೆ ಸುರಿದದ್ದು 15 ಕೋಟಿ ಪೌಂಡು. 2014ರ ದರದಲ್ಲಿ ನಮ್ಮ ಲೆಕ್ಕಕ್ಕೆ ಸುಮಾರು 1500 ಕೋಟಿ ರೂಪಾಯಿ. ಅಚ್ಚಿನ ತಪ್ಪಲ್ಲ ಸ್ವಾಮಿ, ಕೋಟಿಯೇ!

ಅಂಗಡಿಯ ಹೆಸರು ಮಾರ್ಕ್ಸ್ ಅಂಡ್ ಸ್ಪೆನ್ಸರ್. ಬೆಂಗಳೂರಿನಲ್ಲೂ ಅದರ ಬೋರ್ಡು ಕಂಡಿರುತ್ತೀರಿ. ಇದರ ಮೂಲ ಕೇಳಿದರೆ ನಮ್ಮ ಸಂತೆ ವ್ಯಾಪಾರಿಗಳಿಗೆ ಖುಷಿಯಾದೀತು. ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಮೈಕೆಲ್ ಮಾರ್ಕ್ಸ್ ಎಂಬಾತ 1884ರಲ್ಲಿ ಲೀಡ್ಸ್ ಊರಿನ ಮಾರುಕಟ್ಟೆಯಲ್ಲಿ ಒಂದು ಕಟ್ಟೆ ಹಿಡಿದ. 'ಬೆಲೆ ಕೇಳಬೇಡಿ, ಒಂದು ಪೆನ್ನಿ' ಎಂದು ಬೋರ್ಡು ಹಾಕಿದ. ಹತ್ತು ವರ್ಷದ ಮೇಲೆ ಥಾಮಸ್ ಸ್ಪೆನ್ಸರ್ ಅರ್ಧ ಪಾಲಿಗೆ ಕೊಟ್ಟದ್ದು 300 ಪೌಂಡು. ಆ ಅಂಕಿ ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಇಷ್ಟಕ್ಕೂ ಇವರಿಗೆ ಆನ್‌ಲೈನ್ ವ್ಯಾಪಾರ ಹೊಸದೇನಲ್ಲ. 2007ರಿಂದ ಅದು ಅಮೆಜಾನ್ ಕಂಪನಿಯ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಒಂದು ರೀತಿ ಬಾಡಿಗೆ ಮಳಿಗೆ ಎನ್ನಿ. ಕಟ್ಟಡದ ಮಾಲೀಕನೇ ಎದುರು ಅಂಗಡಿಯ ಪೈಪೋಟಿದಾರನೂ ಆದರೆ ಎಷ್ಟು ದಿನ ನಿದ್ದೆ ಬಂದೀತು? ಸ್ವಂತದ್ದು ಕಟ್ಟೋಣ ಅಂತ ಹೊರಟರು. 2014ರ ಫೆಬ್ರವರಿಯಲ್ಲಿ ಹೊಸ ಅಂಗಡಿ ತೆರೆಯಿತು.

ಅಷ್ಟು ದುಡ್ಡು ಹೋದದ್ದೆಲ್ಲಿಗೆ? ಗಿರಾಕಿಗೆ ಕಾಣೋದು ಒಂದು ಚಿತ್ರ, ಒಂದು ಬೆಲೆ, ಒತ್ತೋಕೆ ಒಂದು ಗುಂಡಿ. ದುಡ್ಡು ನುಂಗೋದು ಅದರ ಹಿಂದಿನದು. ನಿಮ್ಮಂಗಡೀಲಿ '32 ಸೈಜಿನ ನೀಲಿ ಪ್ಯಾಂಟು ಇದೆಯೇನ್ರೀ' ಅಂದರೆ ಹುಡುಗ ಅಟ್ಟ ಹತ್ತಿ ನೋಡಿ ಬರ್ತಾನೆ. ಆನ್‌ಲೈನ್ ಅಂಗಡಿಗೆ ಅಂಥ ಹುಡುಗನಿಲ್ಲ. ನೂರಾರು ಮಳಿಗೆಗಳ, ಗೋದಾಮುಗಳ ಸ್ಟಾಕು ಆ ಕ್ಷಣಕ್ಕೆ ಸರಿಯಾಗಿ ಗೊತ್ತಿರಬೇಕು. ಉಳಿದ ಒಂದೇ ಪ್ಯಾಂಟನ್ನು ಇಬ್ಬರಿಗೆ ಮಾರಬಾರದು. ಕಳ್ಳ ಕಾರ್ಡು ಹಿಡಿಯಬೇಕು. ವಾಪಸು ಬಂದ ಮಾಲನ್ನು ಮತ್ತೆ ಲೆಕ್ಕಕ್ಕೆ ಸೇರಿಸಿ ದುಡ್ಡು ಮರಳಿಸಬೇಕು. ಹಬ್ಬದ ಹಿಂದಿನ ದಿನ ಜನ ಒಟ್ಟಿಗೆ ನುಗ್ಗಿದರೂ ಕುಸಿಯಬಾರದು. ಇಷ್ಟನ್ನೂ ಹಳೆಯ ಲೆಕ್ಕದ ಕಂಪ್ಯೂಟರುಗಳಿಗೆ ಹೊಲಿಯಬೇಕು. ಹಳೇ ಮನೆಗೆ ಹೊಸ ವೈರಿಂಗು ಮಾಡಿಸಿದವರಿಗೆ ಗೊತ್ತು, ಗೋಡೆ ಕೊರೆದಷ್ಟೂ ಬಿಲ್ಲು ಬೆಳೆಯುತ್ತೆ.

ಗೋದಾಮಿನದು ಬೇರೆ ಕಥೆ. ಕ್ಯಾಸಲ್ ಡಾನಿಂಗ್ಟನ್ ಎಂಬಲ್ಲಿ 2013ರಲ್ಲಿ 9 ಲಕ್ಷ ಚದರಡಿಯದೊಂದು ತೆರೆದಿದ್ದರು.

ಇಷ್ಟೆಲ್ಲಾ ಮಾಡಿ ಎಡವಿದ್ದು ಹೊಸ್ತಿಲಲ್ಲೇ. ಹಳೆಯ ಗಿರಾಕಿಗಳ ಖಾತೆ ಹೊಸ ಅಂಗಡಿಗೆ ಬರಲಿಲ್ಲ. ಎಲ್ಲರೂ ಮತ್ತೆ ಹೆಸರು ನೋಂದಾಯಿಸಬೇಕಾಯಿತು. ಏಳು ವರ್ಷದ ಗಿರಾಕಿಯನ್ನು 'ತಾವು ಯಾರು?' ಅಂತ ಕೇಳಿದ ಹಾಗೆ! ಆ ವರ್ಷ ಜೂನ್ 28ಕ್ಕೆ ಮುಗಿದ 13 ವಾರಗಳಲ್ಲಿ ಆನ್‌ಲೈನ್ ಮಾರಾಟ ಶೇ. 8.1ರಷ್ಟು ಬಿತ್ತು. ಕ್ರಿಸ್‌ಮಸ್ ಹೊತ್ತಿಗೆ ಗೋದಾಮು ಆರ್ಡರಿನ ಭಾರ ತಾಳದೆ ಸಾಮಾನು ತಲುಪೋದೇ ತಡವಾಯಿತು. ವ್ಯಾಪಾರ ಮತ್ತೆ ಏರಿದ್ದು 2015ರಲ್ಲಿ.

ಹಾಗಂತ ನಗಬೇಡಿ. ಸ್ವಂತದ್ದು ಕಟ್ಟಿದ್ದು ತಪ್ಪು ಅಂತ ನನಗಂತೂ ಅನ್ನಿಸೋದಿಲ್ಲ. ಗಿರಾಕಿಯ ಖಾತೆಪುಸ್ತಕ ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದರೆ ಏನಾಗುತ್ತೆ ಅನ್ನೋದಕ್ಕೆ ಆ ನೋಂದಣಿ ರಗಳೆಯೇ ಸಾಕ್ಷಿ. ಆದರೆ ಯಾರಾದರೂ ಬ್ಯಾಗು ನೇತುಹಾಕಿಕೊಂಡು ಬಂದು 'ಸಾರ್, ಒಂದು ವೆಬ್‌ಸೈಟ್ ಮಾಡಿಕೊಡ್ತೀನಿ' ಅಂದರೆ ಬಣ್ಣ ಯಾವುದು ಅಂತ ಕೇಳೋ ಮೊದಲು, ದಿನಾ ಸಂಜೆ ಸ್ಟಾಕು ಎಣಿಸಿ ತುಂಬೋರು ಯಾರು ಅಂತ ಕೇಳಿ.

ಕಟ್ಟಿದ ಮೇಲೂ ಖರ್ಚು ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಈ ಕಂಪನಿಯ ಕಂಪ್ಯೂಟರುಗಳಿಗೆ ಕನ್ನ ಬಿತ್ತು. 25ನೇ ತಾರೀಕು ಆನ್‌ಲೈನ್ ಆರ್ಡರು ನಿಲ್ಲಿಸಿದರು. ಮತ್ತೆ ಶುರುವಾದದ್ದು ಜೂನ್ 10ಕ್ಕೆ, ಅದೂ ಅರ್ಧಂಬರ್ಧ. ಲಾಭಕ್ಕೆ ಬೀಳುವ ಹೊಡೆತ ಸುಮಾರು 30 ಕೋಟಿ ಪೌಂಡು ಅಂತ ಕಂಪನಿಯೇ ಅಂದಾಜು ಹೇಳಿತು. ಸ್ಪೆನ್ಸರ್ ಕೊಟ್ಟ 300 ಪೌಂಡಿನ ಹತ್ತು ಲಕ್ಷ ಪಟ್ಟು! ಆ ಆರು ವಾರವೂ ಬೀದಿಯ ಮಳಿಗೆಗಳು ತೆರೆದೇ ಇದ್ದವು.